ಮ್ಯಾರಥಾನೂ ಮೈಸೂರು ಪೇಟವೂ

ನಿಂತಲ್ಲೇ ಓಡುವ ವಿದ್ಯೆ ದಾವಣಗೆರೆಯವರಿಗೆ ಹೊಸದೇನಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ ಸ್ಕೂಟರಿನ ಎಂಜಿನ್ ಆರಿಸದೆ, ಒಂದು ಕಾಲನ್ನು ನೆಲಕ್ಕೂರಿ, ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಬೆಳೆದ ತಲೆಮಾರು ನಮ್ಮದು. ಹೀಗಾಗಿ ನಮ್ಮೂರಿನಲ್ಲಿ ‘ಬೃಹತ್ ಮ್ಯಾರಥಾನ್’ ನಡೆಯಲಿದೆಯೆಂಬ ಫ್ಲೆಕ್ಸ್ ವಿದ್ಯಾನಗರದ ತಿರುವಿನಲ್ಲಿ ಕಂಡಾಗ, ಈ ವಿದ್ಯೆಗೂ ಕೊನೆಗೆ ಒಂದು ಪದಕ ಸಿಗುವ ಕಾಲ ಬಂತೆಂದು ನನಗೆ ಸಂತೋಷವಾಯಿತು. ಫ್ಲೆಕ್ಸಿನಲ್ಲಿ ಇಪ್ಪತ್ಮೂರು ಮುಖಗಳಿದ್ದವು, ಅವುಗಳಲ್ಲಿ ಓಡುವ ಲಕ್ಷಣವಿದ್ದದ್ದು ಒಂದೂ ಇರಲಿಲ್ಲ. ಮುಖಗಳ ಕೆಳಗೆ ದಿನಾಂಕ, ಅದರ ಕೆಳಗೆ ‘5 ಕಿ.ಮೀ. ಮ್ಯಾರಥಾನ್’, ಎಲ್ಲಕ್ಕಿಂತ ಕೆಳಗೆ ‘ಸಂಜೆ ಭರ್ಜರಿ ರಾಕ್ ಸಂಗೀತ’ ಎಂದಿತ್ತು. ಹಾಡುವ ತಂಡದ ಹೆಸರೂ ಇದ್ದಿರಬೇಕು, ಆದರೆ ಆ ಜಾಗಕ್ಕೆ ಸರಿಯಾಗಿ ವಿದ್ಯುತ್ ಕಂಬ ಅಡ್ಡ ಬಂದಿತ್ತು.

ಐದು ಕಿಲೋಮೀಟರಿಗೆ ಮ್ಯಾರಥಾನ್ ಎನ್ನುವುದು ಪಾನಕಕ್ಕೆ ಪಾಯಸ ಎಂದಂತೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರು, ಒಂದು ಮೀಟರೂ ಕಡಿಮೆಯಿಲ್ಲ. ಈ ವಿಚಿತ್ರ ಅಂಕಿ ಬಂದ ಬಗೆ ಮಾತ್ರ ನಮ್ಮ ಸಂಘಟಕರಿಗೆ ತುಂಬ ಹಿಡಿಸಬಹುದಾದದ್ದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಬಳಿ ಆರಂಭಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಕಟ್ಟೆಯ ಎದುರಿಗೇ ಮುಗಿಯುವಂತೆ ಮಾಡಿದರು. ಆ ಲೆಕ್ಕವೇ ಮುಂದೆ 1921ರಲ್ಲಿ ಜಗತ್ತಿಗೆಲ್ಲ ಅಧಿಕೃತ ದೂರವಾಯಿತು. ಅಂದರೆ ಓಟವು ಗಣ್ಯರ ಆಸನದ ಮುಂದೆ ಮುಗಿಯಬೇಕೆಂಬ ಸಂಪ್ರದಾಯಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಲ್ಲಿನವರು ಗಣ್ಯರಿಗಾಗಿ ಓಟವನ್ನು ಉದ್ದ ಮಾಡಿದರು, ನಮ್ಮವರು ಗಣ್ಯರಿಗಾಗಿ ಅದನ್ನು ಮೊಟಕು ಮಾಡಿದರು. ವ್ಯತ್ಯಾಸ ಅಷ್ಟೇ.

ನಾನಾದರೂ ಹೆಸರಿಗೆ ಮೋಸಹೋಗಿ ಹನ್ನೆರಡು ವಾರಗಳ ಅಭ್ಯಾಸಕ್ಕೆ ಇಳಿದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಒಂದು ಪಟ್ಟಿ ಕಳಿಸಿದ್ದ. ಅದರ ಪ್ರಕಾರ ಮಂಗಳವಾರ ವೇಗದ ಓಟ, ಗುರುವಾರ ಹಗುರ ಓಟ, ಭಾನುವಾರ ದೂರದ ಓಟ. ವಾರದಿಂದ ವಾರಕ್ಕೆ ದೂರವನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಕೂಡದು, ಕೊನೆಯ ವಾರ ಇಳಿಸಬೇಕು. “ಮಾಮ, ಹಗುರ ಓಟ ಅಂದ್ರೆ ಓಡ್ತಾ ಓಡ್ತಾ ಪೂರ್ತಿ ವಾಕ್ಯ ಮಾತಾಡೋಕೆ ಬರಬೇಕು. ಏದುಸಿರು ಬಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಅರ್ಥ” ಎಂದು ಫೋನಿನಲ್ಲಿ ಎಚ್ಚರಿಸಿದ. ಈ ಮಾತನ್ನು ಇಲ್ಲಿ ಬರೆದಿಟ್ಟಿರುವುದಕ್ಕೆ ಕಾರಣವಿದೆ. ಓಡದೆಯೇ ಮಾತನಾಡಬಲ್ಲವರ ಕಥೆ ಮುಂದೆ ಬರುತ್ತದೆ.

ಬೆಳಗಿನ ಐದೂವರೆಗೆ ಕುಂದವಾಡ ಕೆರೆಯ ಏರಿಯ ಮೇಲೆ ಓಡುವುದೆಂದರೆ ಓಟಕ್ಕಿಂತ ಹೆಚ್ಚಾಗಿ ಸಂಧಾನದ ಕೆಲಸ. ಅಲ್ಲಿ ವಾಕಿಂಗ್ ಮಾಡುವವರು ನಾಲ್ವರು ಒಂದೇ ಸಾಲಿನಲ್ಲಿ ನಡೆಯುತ್ತಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೆ ಮೊಣಕಾಲು ನೋವು, ನಾಲ್ಕನೆಯವರದು ಆ ಮೂವರಿಗೂ ಡಾಕ್ಟರು ಹೇಳಿದ್ದು ತಪ್ಪೆಂದು ವಿವರಿಸುವ ಹೊಣೆ. ಹಿಂದಿನಿಂದ “ಅಣ್ಣಾ, ಚೂರು ದಾರಿ” ಎಂದರೆ ನಾಲ್ವರೂ ಒಟ್ಟಿಗೆ ನಿಂತು ತಿರುಗಿ, “ಯಾಕ್ರೀ ಹಂಗ್ ಓಡ್ತೀರಿ, ಬಸ್ ಏನಾರ ತಪ್ಪೈತಾ?” ಎಂದು ಕೇಳುತ್ತಾರೆ. ಏರಿ ಬಿಟ್ಟು ರಸ್ತೆಗಿಳಿದರೆ ಅಲ್ಲಿ ಬೇರೆಯದೇ ಪರೀಕ್ಷೆ ಕಾದಿರುತ್ತದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿಯೇ ನಮ್ಮೂರಿನ ಹೆಸರಿತ್ತೆಂಬ ಹೆಮ್ಮೆಯನ್ನು ಎದೆಯಲ್ಲಿಟ್ಟುಕೊಂಡು, ಕಣ್ಣನ್ನು ಮಾತ್ರ ನೆಲದ ಮೇಲಿಟ್ಟುಕೊಂಡು ಓಡಬೇಕು. ಅಗೆದ ಗುಂಡಿಯನ್ನು ಹಾರಿ, ಮುಚ್ಚಿದ ಗುಂಡಿಯ ದಿಬ್ಬ ಹತ್ತಿ, ಬೀದಿನಾಯಿಯ ಮನೆತನದ ಗಡಿಯನ್ನು ಮರ್ಯಾದೆಯಿಂದ ನಡೆದೇ ದಾಟಿ ಮುಂದುವರಿದರೆ ಅದೊಂದು ಸಂಪೂರ್ಣ ವ್ಯಾಯಾಮ. ಭಾನುವಾರದ ದೂರದ ಓಟ ಮುಗಿದ ಮೇಲೆ ಕೈಗಡಿಯಾರ ಲೆಕ್ಕ ಕೊಟ್ಟ ಕ್ಯಾಲೊರಿಗಳನ್ನು ಎರಡು ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ ಮತ್ತು ಕಾಯಿ ಚಟ್ನಿ ಎಂಟು ನಿಮಿಷಗಳಲ್ಲಿ ಬಡ್ಡಿ ಸಮೇತ ವಾಪಸು ಜಮಾ ಮಾಡುತ್ತಿದ್ದವು. ಆದರೂ ಹನ್ನೆರಡನೆಯ ವಾರದ ಹೊತ್ತಿಗೆ ನಾನು ಹತ್ತು ಕಿಲೋಮೀಟರು ಓಡಿ, ಪೂರ್ತಿ ವಾಕ್ಯ ಮಾತನಾಡುವಷ್ಟಾಗಿದ್ದೆ.

ಓಟದ ದಿನ ಆರಕ್ಕೆ ಹಸಿರು ನಿಶಾನೆ ಎಂದಿದ್ದರು. ಐದೂವರೆಗೇ ಹೋಗಿ ಮೈ ಬಿಸಿ ಮಾಡಿಕೊಂಡೆವು. ನಿಶಾನೆ ತೋರಿಸುವವರು ಬಂದದ್ದು ಏಳು ಇಪ್ಪತ್ತಕ್ಕೆ. ಅಷ್ಟರಲ್ಲಿ ನಮ್ಮ ಮೈ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ, ಮೂರು ಸಲ ಕಾಯಿಸಿದ ಸಾರಿನ ಹದಕ್ಕೆ ಬಂದಿತ್ತು. ಬಂದವರು ನಿಶಾನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಟದಿಂದ ಹೃದಯಕ್ಕಾಗುವ ಲಾಭಗಳ ಕುರಿತು ಮಾತನಾಡತೊಡಗಿದರು. ಅದನ್ನು ಎಲ್ಲಿ ಬೀಸಿಬಿಡುತ್ತಾರೋ ಎಂದು ಮುಂದಿನ ಸಾಲಿನ ಶಾಲಾ ಮಕ್ಕಳು ಒಂದು ಕಾಲನ್ನು ಮುಂದಿಟ್ಟು ಬಗ್ಗಿ ನಿಂತಿದ್ದರು. ಹಾಗೆ ಹದಿನೈದು ನಿಮಿಷ ಬಗ್ಗಿ ನಿಲ್ಲುವುದು ಯಾವ ಅಭ್ಯಾಸದ ಪಟ್ಟಿಯಲ್ಲಿಯೂ ಇಲ್ಲ. ಕೊನೆಗೊಮ್ಮೆ ಬಾವುಟ ಬೀಸಿದಾಗ ಗಣ್ಯರು ಪಂಚೆ ಎತ್ತಿಕಟ್ಟಿ ನಮ್ಮ ಮುಂದೆ ನಲವತ್ತು ಹೆಜ್ಜೆ ಓಡಿದರು. ಫೋಟೊದವರು ಹಿಮ್ಮುಖವಾಗಿ ಓಡಿದ್ದರಿಂದ ಅವರದೇ ನಿಜವಾದ ಸಾಧನೆಯೆಂದು ನನ್ನ ಅಭಿಪ್ರಾಯ. ನಲವತ್ತೊಂದನೆಯ ಹೆಜ್ಜೆಗೆ ಕಾರು ಬಂತು.

ಆಗಲೇ ಹೊತ್ತಾಗಿ ವಾಹನ ಸಂಚಾರ ಶುರುವಾಗಿದ್ದರಿಂದ ದಾರಿಯನ್ನು ಕತ್ತರಿಸಲಾಗಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಒಂದು ತಿರುವಿನಲ್ಲಿ ಸ್ವಯಂಸೇವಕ ಹುಡುಗನೊಬ್ಬ “ಈ ಕಡೆ, ಈ ಕಡೆ” ಎಂದು ಕೈ ಬೀಸಿದ, ನಾವು ತಿರುಗಿದೆವು, ಮೈದಾನ ಬಂದೇಬಿಟ್ಟಿತು. ನನ್ನ ಗಡಿಯಾರದಲ್ಲಿ ದೂರ 3.4 ಕಿಲೋಮೀಟರು ಎಂದು ತೋರಿಸುತ್ತಿತ್ತು. ಹನ್ನೆರಡು ವಾರಗಳಿಂದ ಕೂಡಿಟ್ಟ ದಮ್ಮು ಇನ್ನೂ ಎದೆಯಲ್ಲಿಯೇ ಉಳಿದು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯದೆ ಮೈದಾನಕ್ಕೆ ಎರಡು ಸುತ್ತು ಹಾಕಿದೆ. ಗೆಲುವಿನ ಗೆರೆಯ ರಿಬ್ಬನ್ನನ್ನು ಅದಾಗಲೇ ಗಣ್ಯರೊಬ್ಬರು, ಎರಡೂ ಕಡೆಯಿಂದ ರಟ್ಟೆ ಹಿಡಿದವರ ನೆರವಿನಿಂದ, ದಾಟಿಯಾಗಿತ್ತು. 1908ರ ಅದೇ ಲಂಡನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದರೂ, ಬಳಲಿ ಬಿದ್ದವನನ್ನು ಅಧಿಕಾರಿಗಳು ಎತ್ತಿ ದಾಟಿಸಿದರೆಂಬ ಕಾರಣಕ್ಕೆ ಅನರ್ಹನಾದ. ಬಡಪಾಯಿ ತಪ್ಪು ಊರಿನಲ್ಲಿ ಓಡಿದ. ನಮ್ಮಲ್ಲಿ ಹೀಗೆ ಗೆರೆ ದಾಟಿದವರಿಗೆ ಮೈಸೂರು ಪೇಟ ತೊಡಿಸುತ್ತಾರೆ.

ಪದಕಗಳನ್ನು ‘ಸಂಜೆಯ ಭವ್ಯ ವೇದಿಕೆಯಲ್ಲಿ’ ಕೊಡಲಾಗುವುದೆಂದು ಘೋಷಣೆಯಾಯಿತು. ಸಭಿಕರು ಬರುತ್ತಾರೋ ಇಲ್ಲವೋ ಎಂಬ ಅಳುಕಿಗೆ ಇದಕ್ಕಿಂತ ಚೆನ್ನಾದ ಮದ್ದು ಬೇರೆ ಸಿಗಲಾರದು. ನನಗೆ ರಾಕ್ ಸಂಗೀತದ ಚಪಲವೂ ಇತ್ತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಮೈದಾನದ ಪಕ್ಕ ಹಾದುಹೋಗುವಾಗ, ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರು ವ್ಯಾನಿನಲ್ಲಿ ಬಂದಿದ್ದ ನಾಲ್ವರು ಹುಡುಗರು ವಾದ್ಯಗಳ ಧ್ವನಿ ಹೊಂದಿಸುತ್ತಿದ್ದರು. ಗಿಟಾರಿನ ಒಂದು ಎಳೆತ ಖಾಲಿ ಕುರ್ಚಿಗಳ ಮೇಲೆ ಹಾಯ್ದು ಎದುರಿನ ಗೋಡೆಗೆ ಬಡಿದು ವಾಪಸು ಬಂತು. ಅದೇ ಆ ದಿನದ ಪೂರ್ಣ ಕಛೇರಿಯೆಂದು ಗೊತ್ತಿದ್ದರೆ ನಿಂತು ಕೇಳುತ್ತಿದ್ದೆ.

ಸಂಜೆ ಆರೂವರೆಯ ಕಾರ್ಯಕ್ರಮ ಏಳು ಹತ್ತಕ್ಕೆ ಆರಂಭವಾಯಿತು. ವೇದಿಕೆಯ ಮೇಲೆ ಇಪ್ಪತ್ತೇಳು ಕುರ್ಚಿ, ನಡುವೆ ಬಿಳಿ ಟವೆಲು ಹೊದ್ದ ಮೂರು ಸೋಫಾ. ಡ್ರಮ್ಮುಗಳನ್ನು ಹಿಂದಿನ ಮೂಲೆಗೆ ದಬ್ಬಿ, ಮೇಲೊಂದು ಬೆಡ್‌ಶೀಟು ಹೊದಿಸಿದ್ದರು. ನಾಡಗೀತೆ, ಪ್ರಾರ್ಥನೆ, ಜ್ಯೋತಿ ಬೆಳಗಿಸುವುದು, ಗಾಳಿಗೆ ಆರಿದ ಜ್ಯೋತಿಯನ್ನು ಮತ್ತೆ ಬೆಳಗಿಸುವುದು, ಸಸಿಗೆ ನೀರೆರೆಯುವುದು, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ಹಾರ ತುರಾಯಿಗಳ ಸರದಿ. ಹಾಕಿಸಿಕೊಂಡ ಹಾರವನ್ನು ಕೂಡಲೇ ತೆಗೆದು ಪಕ್ಕಕ್ಕಿಡುವುದು ನಮ್ಮ ವಿನಯದ ಪದ್ಧತಿ. ಇಡಲು ಮೇಜಿನ ಮೇಲೆ ಜಾಗವಿಲ್ಲದೆ, ಯಾರೋ ಒಬ್ಬರು ಬೆಡ್‌ಶೀಟನ್ನು ಸರಿಸಿ, ಕೋಲಿನ ಮೇಲೆ ನಿಂತಿದ್ದ ಹಿತ್ತಾಳೆಯ ತಟ್ಟೆಯಂಥ ಸಿಂಬಲ್ಲಿಗೆ ಒಂದು ಚೆಂಡು ಹೂವಿನ ಹಾರವನ್ನು ನೇತುಹಾಕಿದರು. ಅದು ಹೇಳಿ ಮಾಡಿಸಿದಂತೆ ಕೂತಿತು. ಅನಂತರ ಉಳಿದವರೂ ಅಲ್ಲಿಗೇ ಹಾಕತೊಡಗಿದರು.

ಭಾಷಣಗಳಲ್ಲಿ ಏನಿತ್ತೆಂದು ಹೇಳುವ ಅಗತ್ಯವಿಲ್ಲ. “ಸಮಯದ ಅಭಾವವಿರುವುದರಿಂದ ಎರಡೇ ಮಾತು” ಎಂದು ಏಳು ಮಂದಿ ಹೇಳಿದರು. ಅವರಲ್ಲಿ ಅತ್ಯಂತ ಚುಟುಕಾಗಿ ಮಾತನಾಡಿದವರು ತೆಗೆದುಕೊಂಡದ್ದು ಹನ್ನೊಂದು ನಿಮಿಷ. ನನ್ನ ಗಡಿಯಾರಕ್ಕೆ ಒಂದು ಗಂಟೆ ಅಲುಗಾಡದೆ ಕೂತರೆ ಮಣಿಕಟ್ಟನ್ನು ತಿವಿದು ‘ಎದ್ದು ನಡೆಯಿರಿ’ ಎನ್ನುವ ಚಾಳಿಯಿದೆ. ಅಂದು ಅದು ಎರಡು ಸಲ ತಿವಿಯಿತು. ಎದ್ದರೆ ಪದಕ ತಪ್ಪುತ್ತದೆಂದು ಕೂತೇ ಇದ್ದೆ. ಹಾಗೆ ಕೂತಿದ್ದಾಗಲೇ ನನಗೆ ಹೊಳೆದದ್ದೆಂದರೆ, ಈ ನಾಡಿನಲ್ಲಿ ಸಂಗೀತಕ್ಕೆಲ್ಲ ಮಿತಿಯಿದೆ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರವೇ 2022ರಲ್ಲಿ ಗೊತ್ತುಮಾಡಿತು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಸ್ವಾಗತ ಭಾಷಣಕ್ಕೆ ಇಷ್ಟೇ ಸೆಕೆಂಡು ಎಂದು ಹೇಳುವ ಧೈರ್ಯ ಈವರೆಗಿನ ಯಾವ ಸರ್ಕಾರಕ್ಕೂ ಬಂದಿಲ್ಲ.

ಮಿತಿಗಳಲ್ಲಿ ಇನ್ನೊಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ, ಹಬ್ಬಹರಿದಿನಗಳಿಗೆಂದು ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಒಳ್ಳೆಯ ನಿಯಮವೇ, ಮನೆಯಲ್ಲಿ ಮಗುವೋ ಮುದುಕರೋ ಇರುವ ಯಾರೂ ಅದನ್ನು ದೂರಲಾರರು. 2012ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆಗೆ ಬೀಟಲ್ಸ್ ತಂಡದ ಖ್ಯಾತಿಯ ಪಾಲ್ ಮೆಕಾರ್ಟ್ನಿ ನಿಂತಿದ್ದಾಗಲೇ ಹೊತ್ತು ಮೀರಿತೆಂದು ಮೈಕು ಆರಿಸಿದರು. 2023ರಲ್ಲಿ ಪುಣೆಯಲ್ಲಿ ಎ. ಆರ್. ರೆಹಮಾನ್ ಅವರ ಕಾರ್ಯಕ್ರಮವನ್ನು ಹತ್ತು ಗಂಟೆ ದಾಟಿತೆಂದು ಪೊಲೀಸರು ವೇದಿಕೆಗೇ ಬಂದು ನಿಲ್ಲಿಸಿದರು. ಅಂಥವರಿಗೇ ಇಲ್ಲದ ರಿಯಾಯಿತಿ ನಮ್ಮ ನಾಲ್ವರು ಹುಡುಗರಿಗೆ ಸಿಗಲೆಂದು ನಾನೇನೂ ಕೇಳುವುದಿಲ್ಲ. ಆದರೆ ಸ್ಪ್ರಿಂಗ್‌ಸ್ಟೀನ್ ಅದಕ್ಕೆ ಮುಂಚೆ ಮೂರು ಗಂಟೆ ಹಾಡಿದ್ದ. ನಮ್ಮ ಹುಡುಗರಿಗೆ ವೇದಿಕೆ ಸಿಕ್ಕಿದ್ದು ಒಂಬತ್ತು ನಲವತ್ತೆಂಟಕ್ಕೆ.

ಸೋಫಾಗಳನ್ನು ಕೆಳಗಿಳಿಸುವ ಸಮಯವಿಲ್ಲದ್ದರಿಂದ ಗಿಟಾರಿನವನು ಎರಡು ಸೋಫಾಗಳ ಸಂದಿಯಲ್ಲಿ ನಿಂತ. ಡ್ರಮ್ಮಿನ ಹುಡುಗನಿಗೆ ಹಾರಗಳನ್ನು ತೆಗೆಯುವುದೋ ಬಿಡುವುದೋ ತಿಳಿಯಲಿಲ್ಲ. ಯಾರ ಹಾರ ಮುಟ್ಟಿದರೆ ಯಾರಿಗೆ ಅವಮಾನವಾದೀತೋ ಎಂಬ ಭಯದಿಂದ ಹಾಗೆಯೇ ಬಾರಿಸಿಬಿಟ್ಟ. ಮೊದಲ ಏಟಿಗೆ ಸಿಂಬಲ್ಲು ಝೇಂಕರಿಸಲಿಲ್ಲ, ‘ಥಪ್’ ಎಂದಿತು. ಚೆಂಡು ಹೂವಿನ ಎಸಳುಗಳು ದೀಪದ ಬೆಳಕಿನಲ್ಲಿ ಮೇಲಕ್ಕೆ ಚಿಮ್ಮಿ ಅವನ ತಲೆಯ ಮೇಲೆಲ್ಲ ಸುರಿದವು. ಮುಂದಿನ ಸಾಲುಗಳು ಆಗಲೇ ಗಣ್ಯರೊಂದಿಗೆ ಎದ್ದುಹೋಗಿದ್ದರಿಂದ ಹಿಂದಿದ್ದ ಕಾಲೇಜು ಹುಡುಗರು, ಬೆಳಗ್ಗೆ ಓಡಲು ಸಿಗದ ಆ ಒಂದೂವರೆ ಕಿಲೋಮೀಟರನ್ನು ಈಗ ಓಡಿದವರಂತೆ, ಮುಂದಕ್ಕೆ ನುಗ್ಗಿದರು. ಒಂದು ಹಾಡು ಮುಗಿಯಿತು. ಎರಡನೆಯದರ ನಡುವೆ ಗಿಟಾರಿನವನು ಕಣ್ಣು ಮುಚ್ಚಿ, ತಂತಿಯೊಂದನ್ನು ಎಳೆದು, ಮೇಲಿನ ಸ್ವರಕ್ಕೆ ಏರುತ್ತಿದ್ದ. ಏರುತ್ತಿದ್ದಂತೆಯೇ ಗಂಟೆ ಹತ್ತಾಯಿತು. ಸದ್ದು ಹೋಯಿತು. ಕಣ್ಣು ಮುಚ್ಚಿದ್ದವನಿಗೆ ಅದು ಕೂಡಲೇ ತಿಳಿಯದೆ ಬೆರಳುಗಳು ಇನ್ನೂ ನಾಲ್ಕಾರು ಕ್ಷಣ ತಂತಿಯ ಮೇಲೆ ಓಡುತ್ತಲೇ ಇದ್ದವು. ನಿಂತಲ್ಲೇ ಓಡುವ ವಿದ್ಯೆ ಅವನಿಗೂ ಹತ್ತಿಬಿಟ್ಟಿತಲ್ಲ ಎನ್ನಿಸಿತು.

ಇಲ್ಲಿಗೆ ಮುಗಿದಿದ್ದರೆ ಕಾನೂನು ಪಾಲನೆಯ ಸಮಾಧಾನವಾದರೂ ಉಳಿಯುತ್ತಿತ್ತು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಮೈಕು ಮತ್ತೆ ಜೀವ ತಳೆಯಿತು. ವಂದನಾರ್ಪಣೆಯಿಲ್ಲದೆ ಕಾರ್ಯಕ್ರಮ ಪೂರ್ಣವಾಗುವುದಿಲ್ಲವಂತೆ. ಎರಡು ಹಾಳೆಗಳ ತುಂಬ ಹೆಸರುಗಳಿದ್ದವು. ಎದ್ದುಹೋಗಿದ್ದ ಇಪ್ಪತ್ತೇಳು ಮಂದಿಗೂ, ಬರಲಾಗದೆ ಶುಭ ಕೋರಿದವರಿಗೂ, ಶಾಮಿಯಾನದವರಿಗೂ, ನೀರಿನ ಬಾಟಲಿ ಕೊಟ್ಟವರಿಗೂ, ಧ್ವನಿವರ್ಧಕವನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸಿ ಸಹಕರಿಸಿದವರಿಗೂ ಹದಿನಾಲ್ಕು ನಿಮಿಷ, ಅದೇ ಧ್ವನಿವರ್ಧಕದಲ್ಲಿ, ಧನ್ಯವಾದ ಸಲ್ಲಿಸಲಾಯಿತು. ಪದಕಗಳನ್ನು ವೇದಿಕೆಯ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಇಡಲಾಗಿದೆಯೆಂದೂ ಓಟಗಾರರು ತಲಾ ಒಂದನ್ನು ತೆಗೆದುಕೊಳ್ಳಬೇಕೆಂದೂ ಕೊನೆಯ ಸಾಲಿನಲ್ಲಿ ಬಂತು. ಹಾಗೆಯೇ, ದೂರದಿಂದ ಬಂದ ಕಲಾವಿದರಿಗೆ ಸನ್ಮಾನ ಮಾಡುವುದು ಮರೆತುಹೋಗಿತ್ತೆಂದು ನೆನಪಾಗಿ, ನಾಲ್ವರನ್ನೂ ಸೋಫಾದ ಮೇಲೆ ಕೂರಿಸಿ ಶಾಲು ಹೊದಿಸಿದರು.

ನಾನು ಪೆಟ್ಟಿಗೆಯಿಂದ ಒಂದು ಪದಕ ಹೆಕ್ಕಿಕೊಂಡೆ. ಅದರ ಮೇಲೆ ‘42.195’ ಎಂದು ಅಚ್ಚಾಗಿತ್ತು. ಹೊರಗೆ ಗೇಟಿನ ಬಳಿ ಡ್ರಮ್ಮಿನ ಹುಡುಗ ತಲೆಯ ಮೇಲಿನ ಮೈಸೂರು ಪೇಟವನ್ನು ಇಡಲು ಎಲ್ಲಿಯೂ ಜಾಗ ಕಾಣದೆ, ಅದನ್ನು ಧರಿಸಿಕೊಂಡೇ ಡ್ರಮ್ಮುಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಸಿಂಬಲ್ಲಿನ ತಳದಲ್ಲಿ ಸಿಕ್ಕಿಕೊಂಡಿದ್ದ ಹೂವಿನ ದಾರವನ್ನು ಹಲ್ಲಿನಿಂದ ಕಡಿದು ಬಿಡಿಸಿ, ನನ್ನ ಕಡೆ ತಿರುಗಿ, “ಅಂಕಲ್, ಇಷ್ಟೊತ್ತಲ್ಲಿ ಇಲ್ಲಿ ಮಂಡಕ್ಕಿ ಮಿರ್ಚಿ ಎಲ್ಲಾದ್ರೂ ಸಿಗುತ್ತಾ? ನಾಲ್ಕು ಗಂಟೆಯಿಂದ ಏನೂ ತಿಂದಿಲ್ಲ” ಎಂದ. ಸಿಗಬಹುದಾದ ಗಾಡಿಯೊಂದು ಅಲ್ಲಿಂದ ಒಂದೂವರೆ ಕಿಲೋಮೀಟರು ದೂರವಿತ್ತು, ಮುಚ್ಚುವ ಹೊತ್ತೂ ಆಗಿತ್ತು. ನಾಲ್ಕು ಪ್ಲೇಟಿಗೆ ಹೇಳಿ ತರುತ್ತೇನೆಂದು ಪದಕವನ್ನು ಜೇಬಿಗೆ ಹಾಕಿಕೊಂಡು ಓಡಿದೆ.