ಪಡಸಾಲೆಯಲ್ಲೊಂದು ಘಾಟಿ

ಮಲೆನಾಡಿನಲ್ಲಿ ಸೈಕಲ್ ತುಳಿಯುವವರಿಗೆ ವರ್ಷವೆಂದರೆ ಎಂಟೇ ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯು ಮಳೆಗೂ, ಮುರಿದು ಬಿದ್ದ ಕೊಂಬೆಗಳಿಗೂ, ಗುಂಡಿಯ ಆಳವನ್ನು ಮುಚ್ಚಿಡುವ ಕೆಂಪು ನೀರಿಗೂ ಸೇರಿದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯಲ್ಲಿ ನಮ್ಮ ತೀರ್ಥಹಳ್ಳಿಯ ಕಡೆಗೆ ಬರುವ ಪಾಲು ಕಡಿಮೆಯೇ ಆದರೂ, ಒಬ್ಬ ಸವಾರನನ್ನು ಮನೆಯೊಳಗೆ ಕೂರಿಸುವುದಕ್ಕೆ ಅದು ಧಾರಾಳವಾಗಿ ಸಾಕು. ಆದ್ದರಿಂದ ಶಿವಮೊಗ್ಗದ ಗೆಳೆಯನೊಬ್ಬ ಬಳಸಿ ಬಿಟ್ಟಿದ್ದ, ಮನೆಯೊಳಗೇ ಸೈಕಲ್ ತುಳಿಯಲು ಬಳಸುವ ರೋಲರನ್ನು ತಂದು ಪಡಸಾಲೆಯಲ್ಲಿ ಹೂಡಿದೆ.

ರೋಲರನ್ನು ಕಂಡವರು ಮೊದಲು ಕೇಳುವುದು ಸೈಕಲ್ಲನ್ನು ಇದಕ್ಕೆ ಎಲ್ಲಿ ಬಿಗಿಯುತ್ತಾರೆ ಎಂದು. ಎಲ್ಲಿಯೂ ಬಿಗಿಯುವುದಿಲ್ಲ. ಒಂದು ಚೌಕಟ್ಟಿನಲ್ಲಿ ಮೂರು ಉರುಳೆಗಳಿರುತ್ತವೆ. ಹಿಂದಿನ ಎರಡರ ನಡುವೆ ಹಿಂಚಕ್ರ ಕೂರುತ್ತದೆ, ಮುಂದಿನ ಒಂದರ ಮೇಲೆ ಮುಂಚಕ್ರ ನಿಲ್ಲುತ್ತದೆ. ಹಿಂದಿನ ಉರುಳೆಯಿಂದ ಮುಂದಿನದಕ್ಕೆ ಒಂದು ಬೆಲ್ಟು ಹಾಯ್ದಿರುವುದರಿಂದ ತುಳಿದೊಡನೆ ಎರಡೂ ಚಕ್ರಗಳು ತಿರುಗುತ್ತವೆ. ಮುಂಚಕ್ರವೂ ತಿರುಗುತ್ತಿದ್ದರೆ ಮಾತ್ರ ಹ್ಯಾಂಡಲನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸಿ ಬೀಳದಂತೆ ನಿಲ್ಲಲು ಸಾಧ್ಯ. ಉರುಳೆಗಳ ಅಗಲ ಒಂದೂವರೆ ಅಡಿಗಿಂತ ಕಡಿಮೆಯಾದುದರಿಂದ ನಮ್ಮ ಇಡೀ ರಾಷ್ಟ್ರೀಯ ಹೆದ್ದಾರಿಯೂ ಅಷ್ಟೇ. ಗೋಡೆ ಹಿಡಿದು ಏರಬೇಕು, ಗೋಡೆ ಬಿಟ್ಟ ಮೇಲೆ ಕಣ್ಣನ್ನು ಎದುರಿನ ಒಂದು ಬಿಂದುವಿನಲ್ಲಿ ನೆಡಬೇಕು. ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜದ ಹಿಂದೆಯೇ ಹ್ಯಾಂಡಲ್ ತಿರುಗುತ್ತದೆ, ಹ್ಯಾಂಡಲ್ ತಿರುಗಿದಲ್ಲಿಗೆ ರಸ್ತೆ ಮುಗಿಯುತ್ತದೆ.

ಈ ಯಂತ್ರವನ್ನು ಕಂಡುಹಿಡಿದವನು ಯಾವ ಊರಿನವನೇ ಆಗಿರಲಿ, ಅವನ ಮನೆಗೆ ಯಾರೂ ಬರುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮಲ್ಲಿ ಪಡಸಾಲೆಯೆಂದರೆ ಹೆಬ್ಬಾಗಿಲಿಗೂ ಅಡಿಗೆಮನೆಗೂ ನಡುವಿನ ದಾರಿ. ಒಳಗೆ ಬಂದವರ ಮುಖ ನೋಡಿ, "ಬನ್ನಿ, ಕೂತ್ಕೊಳ್ಳಿ" ಎನ್ನದಿದ್ದರೆ ಅದು ಊರ ತುಂಬ ಸುದ್ದಿಯಾಗುತ್ತದೆ. ನಾನು ಗಡಿಯಾರದ ಕೆಳಗಿನ ಮೊಳೆಯನ್ನೇ ದಿಟ್ಟಿಸುತ್ತ ಬೆವರು ಸುರಿಸಿಕೊಂಡು, "ಬನ್ನಿ" ಎಂದು ಗೋಡೆಗೆ ಹೇಳಿದ್ದನ್ನು ಕೇಳಿದ ಪಕ್ಕದ ಮನೆಯ ಅತ್ತೆಯವರು ಅಮ್ಮನ ಬಳಿ ಹೋಗಿ, "ಮಗಂಗೆ ಯಾರ ಮೇಲಾದ್ರೂ ಸಿಟ್ಟೇನೇ?" ಎಂದು ಪಿಸುಗುಟ್ಟಿದರಂತೆ.

ಇದರ ಮೇಲೆ ಒದ್ದೆ ಬಟ್ಟೆಯ ಪ್ರಶ್ನೆ. ಹೊರಗೆ ಸವಾರನ ಮೈಗೆ ತಗಲುವ ಗಾಳಿ ಒಳಗೆ ಇರುವುದಿಲ್ಲ, ಮಳೆಗಾಲದ ತೇವದಲ್ಲಿ ಬೆವರು ಆರುವುದೂ ಇಲ್ಲ. ಹಾಗಾಗಿ ನಾನೊಂದು ಟೇಬಲ್ ಫ್ಯಾನನ್ನು ಎದುರಿಗಿಟ್ಟುಕೊಂಡಿದ್ದೆ. ಆಷಾಢದಲ್ಲಿ ತಿರುಗುವ ಫ್ಯಾನನ್ನು ಕಂಡ ಮಲೆನಾಡಿನ ಯಾವ ತಾಯಿಯೂ ಸುಮ್ಮನಿರಲಾರಳು. ಮರುದಿನವೇ ಕಂಬದಿಂದ ಕಂಬಕ್ಕೆ ಹಗ್ಗ ಬಂತು, ಹಗ್ಗದ ಮೇಲೆ ಅಪ್ಪನ ಪಂಚೆ, ಎರಡು ಟವೆಲು, ಒಂದು ನೂಲಿನ ಸೀರೆ ಬಂದವು. ಅಂದಿನಿಂದ ನನಗೆ ಗಾಳಿ ಬರುತ್ತಿದ್ದುದು ಪಂಚೆಯ ಮೂಲಕ. ಫ್ಯಾನು ಜೋರಾದಾಗ ಪಂಚೆಯ ಚುಂಗು ಎದ್ದು ಬಂದು ಮೂಗನ್ನು ಸವರಿ ಹಿಂತಿರುಗುತ್ತಿತ್ತು. ಅದರಲ್ಲಿ ಹೊಗೆಯ ವಾಸನೆ, ಸೋಪಿನ ವಾಸನೆ, ನಾಲ್ಕು ದಿನ ಆರದ ಬಟ್ಟೆಯ ಮುಗ್ಗಲು, ಈ ಮೂರೂ ಬೇರೆಬೇರೆಯಾಗಿ ತಿಳಿಯುತ್ತಿದ್ದವು.

ಇಷ್ಟನ್ನೆಲ್ಲ ಸಹಿಸಿಕೊಂಡು ನೇರ ಹೋಗುತ್ತಿದ್ದವನನ್ನು ಕೆಡವಿದ್ದು ಕೊಳೆರೋಗ. ಅಡಿಕೆ ತೋಟಕ್ಕೆ ಮಳೆಯ ಬಿಡುವು ನೋಡಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಎಳೆಗಾಯಿಗಳೆಲ್ಲ ಕೊಳೆತು ಉದುರುತ್ತವೆ. ಹೊಡೆಯಲು ಮರ ಹತ್ತುವ ಕೊನೆಗೌಡನೋ, ಆ ದಿನಗಳಲ್ಲಿ ಮಂತ್ರಿಗಳಿಗಿಂತ ದುರ್ಲಭ. ನಾವು ವಾರಗಟ್ಟಲೆ ಹೇಳಿ ಕಳಿಸುತ್ತಿದ್ದ ಆ ಮಹಾನುಭಾವರು ಒಂದು ಬೆಳಿಗ್ಗೆ ತಾವಾಗಿಯೇ ಬಾಗಿಲಲ್ಲಿ ನಿಂತು, "ಔಸ್ದಿ ಹೊಡಿಯೋದು ಇವತ್ತೇನಾ?" ಎಂದರು. ಅಂಥವರಿಗೆ ಗೋಡೆ ನೋಡಿಕೊಂಡು ಉತ್ತರ ಕೊಟ್ಟರೆ ಅವರು ಪಕ್ಕದ ತೋಟಕ್ಕೆ ಹೋಗುವುದು ಖಂಡಿತ. ನಾನು ಮುಖ ತಿರುಗಿಸಿ ನಕ್ಕೆ.

ರೋಲರಿನಿಂದ ಜಾರಿದ ಸೈಕಲ್ಲು ಕಿಟಕಿ ಒಡೆದುಕೊಂಡು ಅಂಗಳಕ್ಕೆ ಹಾರುತ್ತದೆ ಎಂದು ಚಿಕ್ಕಪ್ಪ ಬಹಳ ದಿನದಿಂದ ಕಾದಿದ್ದರು, ಅವರಿಗೆ ನಿರಾಸೆಯಾಯಿತು. ಚಕ್ರಗಳು ಎಷ್ಟೇ ವೇಗವಾಗಿ ತಿರುಗಿದರೂ ಸವಾರ ಇದ್ದಲ್ಲೇ ಇರುವುದರಿಂದ ಮುಂದಕ್ಕೆ ನುಗ್ಗುವ ವೇಗವೇ ಅವನಿಗೆ ಇರುವುದಿಲ್ಲ. ಸುಮ್ಮನೆ ಪಕ್ಕಕ್ಕೆ ವಾಲಿ ಬೀಳುತ್ತಾನೆ. ಬೀಳುವಾಗ ಆಧಾರಕ್ಕೆಂದು ಕೈಗೆ ಸಿಕ್ಕಿದ್ದು ಹಗ್ಗವಾದುದರಿಂದ ಪಂಚೆ, ಟವೆಲು, ಸೀರೆಗಳೂ ನನ್ನ ಜೊತೆಗೆ ಬಂದವು. ಕೊನೆಗೌಡರು ಸೀರೆಯನ್ನು ಸರಿಸಿ ನನ್ನ ಮುಖವನ್ನು ಹುಡುಕಿ ಹೇಳಿದರು: "ನಾವು ಮರದಿಂದ ಮರಕ್ಕೆ ಜೀಕ್ಕೊಂಡು ಹೋಗ್ತೀವಿ, ಬೀಳಲ್ಲ. ನೀವು ನೆಲದ ಮೇಲಿದ್ದೇ ಬಿದ್ರಲ್ಲ ಮಾರಾಯ್ರೆ!"

ಸುಮ್ಮನೆ ಮೊಳೆ ನೋಡುತ್ತ ತುಳಿಯುವುದು ಬೇಸರವೆಂದು ಲ್ಯಾಪ್‌ಟಾಪಿನಲ್ಲಿ ಜ್ವಿಫ್ಟ್ ಎಂಬ, ದೇಶದೇಶದ ಸವಾರರು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ತುಳಿಯುವ ಆ್ಯಪ್ ಹಾಕಿಕೊಂಡೆ. ಹಿಂಚಕ್ರದ ನಡುವಿನ ಗುಂಬಕ್ಕೆ ಕಟ್ಟಿದ ಸೆನ್ಸರು ಬ್ಲೂಟೂತಿನಲ್ಲಿ ವೇಗವನ್ನು ತಿಳಿಸುತ್ತದೆ. ಅದರಿಂದ ನಾನು ಎಷ್ಟು ವಾಟ್ ಶಕ್ತಿ ಹಾಕುತ್ತಿದ್ದೇನೆಂದು ಆ್ಯಪ್ ಅಂದಾಜು ಮಾಡಿ, ನನ್ನ ತೂಕವನ್ನೂ ಲೆಕ್ಕಕ್ಕೆ ಹಿಡಿದು, ವಾಟೋಪಿಯಾ ಎಂಬ ಕಲ್ಪಿತ ದ್ವೀಪದಲ್ಲಿ ನನ್ನ ಗೊಂಬೆಯನ್ನು ಓಡಿಸುತ್ತದೆ. ಅಲ್ಲಿ ಜ್ವಾಲಾಮುಖಿಯಿದೆ, ಸಮುದ್ರವಿದೆ, ನಾನು ಹೋದಾಗಲೆಲ್ಲ ಬಿಸಿಲಿದೆ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಘಾಟಿಯ 21 ತಿರುವುಗಳನ್ನು ಹಾಗೆಯೇ ಹೋಲುವ ಒಂದು ಘಾಟಿಯೂ ಇದೆ. ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕುಳಿತು ನನ್ನ ಆರೋಹಣವನ್ನು ಕವಳ ಮೆಲ್ಲುತ್ತ ನೋಡಿದರು. "ಆಗುಂಬೆ ಘಾಟಿಗೆ ಹದಿನಾಲ್ಕೇ ತಿರುವು, ಅಲ್ಲಿ ಡ್ರೈವರ್ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಸಾಯ್ತಾನೆ. ನೀನು ಇಪ್ಪತ್ತೊಂದು ಹತ್ತಿದ್ರೂ ಹ್ಯಾಂಡಲ್ ತಿರುಗಿಸ್ಲೇ ಇಲ್ವಲ್ಲಾ" ಎಂದರು. ನನ್ನಂಥ ಸಾದಾ ರೋಲರಿನಲ್ಲಿ ಏರು ಬಂದರೂ ಕಾಲಿಗೆ ಗೊತ್ತಾಗುವುದಿಲ್ಲ, ಗೊಂಬೆ ಮಾತ್ರ ನಿಧಾನವಾಗುತ್ತದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಹನ್ನೆರಡನೆಯ ತಿರುವಿನಲ್ಲೋ ಎಲ್ಲೋ ಕರೆಂಟು ಹೋಯಿತು. ಫ್ಯಾನು ನಿಂತಿತು, ವೈಫೈ ಸತ್ತಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದುದರಿಂದ ಗೊಂಬೆ ಮಾತ್ರ ಓಡುತ್ತಲೇ ಇತ್ತು. ಅದರ ಸುತ್ತ ಇದ್ದ ಜಪಾನಿನವರು, ಇಂಗ್ಲೆಂಡಿನವರು ಎಲ್ಲರೂ ಒಮ್ಮೆಲೇ ಮಾಯವಾಗಿ ಆ ಪರ್ವತದಲ್ಲಿ ನಾನೊಬ್ಬನೇ ಉಳಿದೆ. ಕತ್ತಲಲ್ಲಿ ಮೊಳೆಯೂ ಕಾಣದ ಕಾರಣ ಕಂಬ ಹಿಡಿದುಕೊಂಡು ತುಳಿಯುತ್ತಿದ್ದಾಗ ಚಿಕ್ಕಪ್ಪನ ದನಿ ಕೇಳಿತು.

"ಅಲ್ಲ ಕಣಾ, ಇದಕ್ಕೊಂದು ಡೈನಮೋ ಕಟ್ಟಿದ್ರೆ?"

ತೆರೆಯ ಮೇಲೆ 150 ವಾಟ್ ಎಂದಿತ್ತು. ಅಷ್ಟರಲ್ಲಿ, ನಷ್ಟವನ್ನು ಕಳೆದರೂ, 9 ವಾಟಿನ ಹತ್ತು ಬಲ್ಬುಗಳು ಉರಿದಾವು ಎಂದೆ. ಅವರಿಗೆ ಬಲ್ಬು ಬೇಕಿರಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಅಡಿಕೆ ಸುಲಿಯುವ ಒಂದು ಎಚ್‌ಪಿಯ ಯಂತ್ರ. ಒಂದು ಎಚ್‌ಪಿಗೆ 746 ವಾಟ್ ಎಂದು ಕೇಳಿ ತಿಳಿದುಕೊಂಡು, ಕತ್ತಲಲ್ಲೇ ಬೆರಳು ಮಡಿಸಿ, "ಅಂದ್ರೆ ನಿನ್ನಂಥೋರು ಐದು ಜನ ಬೇಕು. ಆ ಶಿವಮೊಗ್ಗದ ಸೈಕಲ್ ಹುಡುಗ್ರನ್ನ ಸುಗ್ಗಿಗೆ ಕರ್ಸು, ಉಳ್ಕೊಳ್ಳಾಕೆ ಅಟ್ಟ ಇದ್ಯಲ್ಲ" ಎಂದರು.

ಅಡಿಗೆಮನೆಯಿಂದ ಚಿಮಣಿ ದೀಪ ಹಿಡಿದು ಬಂದ ಅಮ್ಮ ಕಂಬವನ್ನು ತಬ್ಬಿ ತುಳಿಯುತ್ತಿದ್ದ ನನ್ನನ್ನೊಮ್ಮೆ ನೋಡಿ, ಚಿಕ್ಕಪ್ಪನ ಕಡೆಗೆ ತಿರುಗಿದಳು. "ಇವನೊಬ್ಬನೇ ಇದರಿಂದ ಇಳಿದ ಮೇಲೆ ಎಂಟು ದೋಸೆ ತಿಂತಾನೆ. ಐದು ಜನಕ್ಕೆ ಹೊಯ್ಯೋದು ನೀನಾ? ಸುಮ್ನೆ ಕರೆಂಟು ಬರೋವರೆಗೂ ಕಾಯಿ."