ಅಪ್ಪನ ಬಾಣಂತನ

ಗೋಳಗುಮ್ಮಟದ ಊರಲ್ಲಿ ಮನೆಯ ತೊಟ್ಟಿಯೊಳಗೆ ಸಮುದ್ರ, ಅಂದರೆ ಸಮುದ್ರದ ಮೀನು, ಸಾಕುತ್ತೇನೆಂದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. "ಇವನ್ನ ತಿಂತೀರೇನ್ರಿ?" ಮತ್ತು "ನೀರು ಎಲ್ಲಿಂದ ತರ್ತೀರಿ?" ಎರಡನೆಯದು ನ್ಯಾಯವಾದ ಪ್ರಶ್ನೆ. ನಳ ಬಿಡುವ ದಿನ ನೆನಪಿಟ್ಟು ಕೊಡ ತುಂಬಿಕೊಳ್ಳುವ ಓಣಿಯಲ್ಲಿ, ಮೀನಿಗೆಂದು ಆರ್‌ಓ ನೀರು ಹಿಡಿದು ಲೀಟರಿಗೆ ಸುಮಾರು 35 ಗ್ರಾಂ, ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು ಕಲಸುವುದು ಸೊಕ್ಕಿನ ಕೆಲಸವೇ ಸೈ. ಬಿಸಿಲು 40 ಡಿಗ್ರಿ ದಾಟಿದರೆ ತೊಟ್ಟಿಯ ನೀರು ದಿನಾ ಇಳಿಯುತ್ತದೆ. ಆರುವುದು ಬರೀ ನೀರು, ಉಪ್ಪು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಾಗಾಗಿ ಮೇಲೆ ಸುರಿಯಬೇಕಾದ್ದು ಸಿಹಿನೀರು. ತೊಟ್ಟಿ ತಂಪಾಗಲೆಂದು ಫ್ಯಾನು ಅತ್ತ ತಿರುಗಿಸಿದರೆ ಇನ್ನಷ್ಟು ಆರುತ್ತದೆ, ಮನೆಮಂದಿ ಬೆವರುತ್ತಾರೆ.

ಇಷ್ಟು ಸೇವೆ ಮಾಡಿಸಿಕೊಳ್ಳುವವರು ಬೆರಳುದ್ದದ ಎರಡು ಕ್ಲೌನ್‌ಫಿಶ್. ಕೇಸರಿ ಮೈ, ಮೂರು ಬಿಳಿ ಪಟ್ಟಿ. ಈ ಜಾತಿಯಲ್ಲಿ ಹುಟ್ಟಾ ಹೆಣ್ಣು ಅಂತ ಯಾರೂ ಇಲ್ಲ. ಜೋಡಿಯಲ್ಲಿ ಜೋರಿದ್ದದ್ದು ಬೆಳೆದು ಹೆಣ್ಣಾಗುತ್ತದೆ, ಇನ್ನೊಂದು ಸಣ್ಣಗೆ ಗಂಡಾಗಿ ಉಳಿಯುತ್ತದೆ. ಆಕೆ ಎದುರಾದರೆ ಈತ ಸಾಹೇಬರ ಮುಂದಿನ ಗುಮಾಸ್ತನಂತೆ ಓರೆಯಾಗಿ ಮೈ ನಡುಗಿಸುತ್ತಾನೆ. ಆಕೆ ಸತ್ತರೆ ಈತನೇ ಹೆಣ್ಣಾಗುತ್ತಾನೆ. ಮತ್ತೆ ಗಂಡಾಗುವ ದಾರಿಯಿಲ್ಲ.

"ಹಂಗಾರ ಯಜಮಾನಕಿ ಆಕೀದು," ಎಂದು ಎದುರುಮನೆ ಕಾಕು ಖುಷಿಪಟ್ಟರು. "ಬಾಣಂತನ ಯಾರದಪಾ?"

ಆತನದೇ. ಕುಂಡದ ಚೂರೊಂದನ್ನು ಮೂಲೆಗೆ ಒರಗಿಸಿದ್ದೆ. ಇಬ್ಬರೂ ಅದನ್ನು ಬಾಯಿಂದ ಕಚ್ಚಿ ಕಚ್ಚಿ ತಿಕ್ಕಿದರು. ಆಕೆ ಹೊಟ್ಟೆ ಒತ್ತಿ ಸಾಲಾಗಿ ತತ್ತಿ ಅಂಟಿಸುತ್ತ ಹೋದಳು, ಆತ ಬೆನ್ನಿಗೇ ಬಂದ. ಆಮೇಲೆ ರೆಕ್ಕೆ ಬೀಸಿ ನೀರಾಡಿಸುವುದು, ಕೆಟ್ಟ ತತ್ತಿ ಆರಿಸಿ ತಿನ್ನುವುದು, ಅಡ್ಡ ಬಂದ ನನ್ನ ಕೈ ಕಚ್ಚುವುದು, ಹೆಚ್ಚುಕಡಿಮೆ ಎಲ್ಲ ಅವನ ಪಾಲಿಗೆ. ಕಿತ್ತಳೆ ಬಣ್ಣದ ತತ್ತಿ ದಿನೇದಿನೇ ಕಪ್ಪಾಗಿ, ವಾರದ ಆಸುಪಾಸಿನಲ್ಲಿ ಒಳಗೆ ಬೆಳ್ಳಿ ಕಣ್ಣು ಮೂಡುತ್ತವೆ. ತತ್ತಿ ಒಡೆದು ಮರಿ ಬರುವುದು ದೀಪ ಆರಿದ ಮೇಲೆ. ಕರೆಂಟು ಹೋದರೆ ಪಂಪು ನಿಂತೀತೆಂದು ಹಲ್ಲು ಕಡಿಯುವ ನಾನು ಆ ರಾತ್ರಿ ಓಣಿಗೆ ಓಣಿಯೇ ಕತ್ತಲಾದಾಗ ಪಂಪನ್ನು ಇನ್ವರ್ಟರಿಗೆ ಸಿಕ್ಕಿಸಿ ಕೈಮುಗಿದೆ.

ಮರಿಗಳ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ ಧೂಳಿನಂಥ ಜೀವಿ, ಅದರ ಊಟಕ್ಕೆ ಹಸಿರು ಪಾಚಿಯ ನೀರು. ಬಾಟಲಿಗಳು ಅಡುಗೆಮನೆ ಕಿಟಕಿಯಲ್ಲಿ, ಶೇಂಗಾ ಚಟ್ನಿ ಡಬ್ಬಿಯ ಪಕ್ಕ. ಕಾಕು ಒಂದನ್ನೆತ್ತಿ ಮೂಸಿ ಮುಖ ಕಿವುಚಿದರು. ಆಮೇಲೆ ತೊಟ್ಟಿಯ ಕಡೆ ತಿರುಗಿ, "ಮರಿ ದೊಡ್ಡವಾದ ಮ್ಯಾಲ ಒಂದು ಜೋಡಿ ನಮಗೂ ಕೊಡಪಾ," ಎಂದರು. "ನಮ್ಮ ಮನಿಯವರು ನೋಡಲಿ."