ಕಬೋರ್ಡ್ ಮಾಡಿಸೋ ಮುಂಚೆ ಗೋಡೆ ನೋಡಿ

ಹೊಸ ಮನೆ ಕಟ್ಟಿಸ್ತಿರೋರು, ಫ್ಲ್ಯಾಟಿನ ಕೀ ಈಗಷ್ಟೇ ಕೈಗೆ ಬಂದಿರೋರು, ಎಲ್ಲರ ತಲೆಯಲ್ಲೂ ಓಡೋ ಪ್ರಶ್ನೆ ಇದು: ಬೆಡ್‌ರೂಮಿಗೆ ಗೋಡೆಗೆ ಸೇರಿಸಿ ವಾರ್ಡ್‌ರೋಬ್ ಮಾಡಿಸೋದಾ, ಬೀರು ತಂದಿಡೋದಾ? ಮನೆ ಸ್ವಂತದ್ದಾಗಿದ್ದು, ಗೋಡೆ ಒಣಗಿದ್ದು, ಕನಿಷ್ಠ ಎಂಟ್ಹತ್ತು ವರ್ಷ ಅಲ್ಲೇ ಇರ್ತೀವಿ ಅಂತಿದ್ರೆ ಧಾರಾಳವಾಗಿ ಮಾಡಿಸಿ. ಮೂರರಲ್ಲಿ ಒಂದು ಇಲ್ಲದಿದ್ರೂ ಯೋಚನೆ ಮಾಡಿ. ಅದರಲ್ಲೂ ಗೋಡೆ ಒಣಗಿಲ್ಲದಿದ್ರೆ ಎಷ್ಟೇ ದುಬಾರಿ ಪ್ಲೈವುಡ್ ಹಾಕಿಸಿದ್ರೂ ದುಡ್ಡು ನೀರಿಗೆ ಹಾಕಿದಂಗೆ. ಲ್ಯಾಮಿನೇಟ್ ಬಣ್ಣ ಆರಿಸೋಕೆ ಮನೆಮಂದಿಯೆಲ್ಲ ಎರಡು ಭಾನುವಾರ ಅಂಗಡಿ ಸುತ್ತುತ್ತಾರೆ. ಗೋಡೆ ಮುಟ್ಟಿ ನೋಡೋರು ಬಹಳ ಕಡಿಮೆ.

ನಮ್ಮ ಬೆಂಗಳೂರಲ್ಲಿ ತೇವ ಬರೋ ಗೋಡೆಗಳು ಯಾವುವು ಅಂತ ಹೆಚ್ಚುಕಮ್ಮಿ ಮೊದಲೇ ಹೇಳಬಹುದು. ಮೊದಲನೆಯದು ಬಾತ್‌ರೂಮಿನ ಬೆನ್ನಿಗಿರೋ ಗೋಡೆ. ಅಟ್ಯಾಚ್ಡ್ ಬಾತ್‌ರೂಮಿನ ಗೋಡೆಗೇ ವಾರ್ಡ್‌ರೋಬ್ ಬರೋ ಹಾಗೆ ಪ್ಲಾನ್ ಹಾಕೋದು ಇಲ್ಲಿ ಮಾಮೂಲು. 4 ಇಂಚಿನ ಬ್ಲಾಕ್ ಗೋಡೆಯೊಳಗೆ ಪೈಪ್ ಹೋಗಿರುತ್ತೆ, ಟೈಲ್ಸ್ ಸಂದಿಯ ಗ್ರೌಟ್ ಎರಡು ಮೂರು ವರ್ಷಕ್ಕೆ ಉದುರುತ್ತೆ, ನೀರು ಮೆಲ್ಲಗೆ ಈ ಕಡೆ ಬರುತ್ತೆ. ಎರಡನೆಯದು ಮುಂಗಾರು ಮಳೆ ಹೊಡೆಯೋ ಪಶ್ಚಿಮ, ನೈಋತ್ಯದ ಹೊರಗೋಡೆ. ಮೂರನೆಯದು ಪೂರ್ತಿ ಬೆಂಗಳೂರಿನದೇ ಸಮಸ್ಯೆ. 30-40 ಅಡಿ ಸೈಟಲ್ಲಿ ಪಕ್ಕದ ಮನೆಗೆ ಅಂಟಿಕೊಂಡಂತೆ ಗೋಡೆ ಎಬ್ಬಿಸಿರ್ತಾರೆ. ನಡುವೆ ಉಳಿಯೋದು ಅರ್ಧ ಅಡಿಯೋ ಒಂದಡಿಯೋ. ಸಾರುವೆ ಕಟ್ಟೋಕೆ ಜಾಗ ಇಲ್ಲ ಅಂತ ಗೋಡೆಯ ಆ ಕಡೆ ಮುಖಕ್ಕೆ ಪ್ಲಾಸ್ಟರಿಂಗೇ ಆಗಿರಲ್ಲ. ಎರಡೂ ಮನೆಯ ತಾರಸಿ ನೀರು ಆ ಸಂದಿಗೇ ಇಳಿಯುತ್ತೆ. ಒಳಗಡೆ ಪುಟ್ಟಿ, ಪೇಂಟ್ ಎಲ್ಲ ಹೊಡೆದು ಗೋಡೆ ಚೆನ್ನಾಗೇ ಕಾಣ್ತಿರುತ್ತೆ. ವಾರ್ಡ್‌ರೋಬ್ ಕೂರಿಸಿದ ಮೇಲೆ ಗಾಳಿ ಆಡೋದು ನಿಂತು, ಮೊದಲ ಮಳೆಗಾಲಕ್ಕೇ ಬೂಷ್ಟು ಶುರು. ಚರ್ಮದ ಬೆಲ್ಟು, ಚಪ್ಪಲಿಯ ಮೇಲೆ ಬಿಳಿ ಪದರ ಕಂಡರೆ ಹಿಂದಿನ ಗೋಡೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ.

ಪರೀಕ್ಷೆಗೆ ಖರ್ಚೇ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥಿನ್ ಹಾಳೆಯನ್ನ ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ. ನೆಲದಿಂದ ಒಂದಡಿ ಎತ್ತರದಲ್ಲಿ ಒಂದು, ಎದೆಮಟ್ಟದಲ್ಲಿ ಒಂದು. ಒಂದು ಪೂರ್ತಿ ದಿನ ಬಿಟ್ಟು ತೆಗೀರಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ರೆ ಅಥವಾ ಆ ಚೌಕದಷ್ಟೇ ಜಾಗ ಕಪ್ಪಾಗಿದ್ರೆ ಗೋಡೆಯಲ್ಲಿ ತೇವ ಇದೆ. ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿದ ಪರೀಕ್ಷೆ ನಂಬಬೇಡಿ, ಆಗ ಎಲ್ಲ ಗೋಡೆಯೂ ಒಳ್ಳೇದೇ. ಒಂದೆರಡು ಜೋರು ಮಳೆ ಆದಮೇಲೆ ಮಾಡಿ. ತೇವ ಇದ್ದರೆ ಮೊದಲು ಹೊರಗಡೆಯಿಂದ ರಿಪೇರಿ, ಆಮೇಲೆ ಮರಗೆಲಸ. ಒಳಗಡೆ ಡ್ಯಾಂಪ್ ಪ್ರೂಫ್ ಪೇಂಟ್ ಹೊಡೆದರೆ ಸಾಕು ಅಂತ ಹೇಳೋರು ಸಿಗ್ತಾರೆ. ನೀರು ಅಲ್ಲಿ ನಿಲ್ಲಲ್ಲ, ಪಕ್ಕದಲ್ಲಿ ಎಲ್ಲೋ ಎದ್ದು ಬರುತ್ತೆ.

ಈಗ ಕಟ್ಟೋ ಕ್ರಮಕ್ಕೆ ಬರೋಣ. ಖರ್ಚು ಉಳಿಸೋಕೆ ಕೆಲವು ಕಾರ್ಪೆಂಟರ್‌ಗಳು ಬ್ಯಾಕ್ ಪ್ಯಾನೆಲ್ ಹಾಕೋದೇ ಇಲ್ಲ. ಗೋಡೆಗೇ ರೀಪರ್ (ಮರದ ಪಟ್ಟಿ) ಹೊಡೆದು, ಮುಂದೆ ಫ್ರೇಮು ಬಾಗಿಲು ಕೂರಿಸಿ, ಗೋಡೆಯನ್ನೇ ಬೆನ್ನು ಮಾಡಿಬಿಡ್ತಾರೆ. ಇಲ್ಲಾಂದ್ರೆ 6 ಎಂಎಂ ಪ್ಲೈಯನ್ನ ನೇರವಾಗಿ ಗೋಡೆಗೆ ಅಂಟಿಸ್ತಾರೆ. ಎರಡಕ್ಕೂ ಒಪ್ಪಬೇಡಿ. ಪಕ್ಕ, ಮೇಲೆ, ಕೆಳಗೆ, ಹಿಂದೆ ಎಲ್ಲ ಇರೋ ಪೂರ್ತಿ ಪೆಟ್ಟಿಗೆ ಆಗಬೇಕು. ಅದನ್ನ ಗೋಡೆಯಿಂದ ಮುಕ್ಕಾಲು ಇಂಚು ಮುಂದಕ್ಕೆ ನಿಲ್ಲಿಸಿ, ಮೇಲ್ಗಡೆ ಎರಡು ಮೂರು ಕಡೆ ಎಲ್ ಕ್ಲಾಂಪಿನಿಂದ ಗೋಡೆಗೆ ಹಿಡಿಸಬೇಕು. ಬ್ಯಾಕ್ ಪ್ಯಾನೆಲ್‌ಗೆ ಮೇಲೊಂದು ಕೆಳಗೊಂದು ಸಾಲು ಗಾಳಿತೂತು ಇರಲಿ. ಹಾಗೆ ಮಾಡಿದ್ದಾದರೆ ನಾಳೆ ಪೈಪ್ ಸೋರಿದರೆ ಸ್ಕ್ರೂ ಬಿಚ್ಚಿ ಪೆಟ್ಟಿಗೆ ಎಳೆದು ಗೋಡೆ ರಿಪೇರಿ ಮಾಡಬಹುದು. ಇಲ್ಲಾಂದ್ರೆ ಒಡೆದೇ ತೆಗೀಬೇಕು. ತೂಗುಗುಂಡು ಹಿಡಿದು ನೋಡಿದರೆ ಗೋಡೆ, ಮೂಲೆಗಳು ನೆಟ್ಟಗೆ ಇರೋದೇ ಇಲ್ಲ ಅಂತ ಇಟ್ಕೊಳ್ಳಿ. 7 ಅಡಿ ಎತ್ತರಕ್ಕೆ ಅರ್ಧ ಇಂಚು ಓಲೋದು ಸಾಮಾನ್ಯ. ಅದಕ್ಕೇ ಎರಡೂ ಪಕ್ಕಕ್ಕೆ ಒಂದೂವರೆ, ಎರಡು ಇಂಚಿನ ಫಿಲ್ಲರ್ ಪಟ್ಟಿ ಬಿಟ್ಟು ಅಳತೆ ತಗೋಬೇಕು. ಆ ಫಿಲ್ಲರ್ ಇಲ್ಲದಿದ್ರೆ ಗೋಡೆ ಪಕ್ಕದ ಬಾಗಿಲೂ ಪೂರ್ತಿ ತೆರೆಯಲ್ಲ, ಹಿಡಿ ಗೋಡೆಗೆ ತಾಗುತ್ತೆ, ಒಳಗಿನ ಡ್ರಾಯರ್ ಹೊರಗೆ ಬರಲ್ಲ.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಗೋಡೆಯೊಳಗೇ ಕಡಪ ಕಲ್ಲಿನ ತಟ್ಟು ಹಾಕಿ, ಮುಂದೆ ಮರದ ಬಾಗಿಲು ಇಟ್ಟ ಬೀರುಗಳು ಈಗಲೂ ಗಟ್ಟಿಯಾಗಿವೆ. ಕಲ್ಲಿಗೆ ಗೆದ್ದಲು ಹಿಡಿಯಲ್ಲ, ತೇವಕ್ಕೆ ಉಬ್ಬಲ್ಲ. ಬಾಡಿಗೆಗೆ ಕೊಡೋಕೆ ಅಂತ ಮನೆ ಕಟ್ಟಿಸೋರಿಗೆ ನನ್ನ ಮಟ್ಟಿಗೆ ಇವತ್ತಿಗೂ ಅದೇ ಸರಿ.

ಅಪಾರ್ಟ್‌ಮೆಂಟಿನವರಿಗೆ ಎರಡು ಮಾತು. ಈಚಿನ ಎಷ್ಟೋ ಕಟ್ಟಡಗಳು ಮೈವಾನ್ ಪದ್ಧತಿಯವು, ಗೋಡೆ ಪೂರ್ತಿ ಕಾಂಕ್ರೀಟು. ಅದನ್ನ ಕೊರೆದು ಒಳಗೆ ಕೂರಿಸೋ ಮಾತೇ ಇಲ್ಲ. ಸ್ಕ್ರೂ ಹೊಡೆಯೋಕೂ ಹ್ಯಾಮರ್ ಡ್ರಿಲ್ ಬೇಕು. ಇನ್ನೊಂದು, ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ವಾರ್ಡ್‌ರೋಬ್ ಕೂತಮೇಲೆ ಸೋರಿಕೆ ಕಂಡರೆ "ನಿಮ್ಮ ಕಾರ್ಪೆಂಟರ್ ಡ್ರಿಲ್ ಮಾಡಿ ಪೈಪ್ ಹೊಡೆದಿದಾನೆ" ಅಂತ ವಾದ ಬರುತ್ತೆ. ಮರಗೆಲಸ ಶುರು ಮಾಡೋ ಮುಂಚೆ ಬರಿ ಗೋಡೆಯ ಫೋಟೋ ತೆಗೆದು, ತೇವದ ಕಲೆ ಇದ್ದರೆ ಇಮೇಲ್‌ನಲ್ಲಿ ದೂರು ಹಾಕಿ.

ಅಳತೆ. ಬಟ್ಟೆ ಹ್ಯಾಂಗರ್ 17-18 ಇಂಚು ಅಗಲ, ತೋಳು ಸೇರಿದರೆ ಒಳಗೆ 21 ಇಂಚಾದರೂ ಖಾಲಿ ಬೇಕು. ಅದಕ್ಕೇ ಹೊರಗಿನ ಆಳ 24 ಇಂಚು. ಸ್ಲೈಡಿಂಗ್ ಬಾಗಿಲಾದರೆ ಹಳಿಗೇ 3-4 ಇಂಚು ಹೋಗೋದರಿಂದ 27 ಇಂಚು ಬೇಕು. 10 ಅಡಿ ಅಗಲದ ರೂಮಿನ ಲೆಕ್ಕ ಹಾಕಿ: ವಾರ್ಡ್‌ರೋಬಿಗೆ 2 ಅಡಿ, ಕ್ವೀನ್ ಸೈಜ್ ಮಂಚಕ್ಕೆ 5 ಅಡಿ, ಉಳಿಯೋದು 3 ಅಡಿ. ಮಂಚದ ಆ ಕಡೆ ಓಡಾಡೋಕೆ ಒಂದಡಿ ಬಿಟ್ಟರೆ ಈ ಕಡೆ 2 ಅಡಿ. ಅಷ್ಟರಲ್ಲಿ 2 ಅಡಿ ಅಗಲದ ಬಾಗಿಲು ತೆರೆದರೆ ನಿಲ್ಲೋಕೆ ಜಾಗ ಎಲ್ಲಿ? ಇಂಥ ಕಡೆ ಬಾಗಿಲನ್ನ 15-16 ಇಂಚಿಗೆ ಇಳಿಸಿ, ಇಲ್ಲ ಮಂಚವನ್ನ ಗೋಡೆಗೆ ತಳ್ಳಿ. ಆಗಲಿಲ್ಲ ಅಂದರೆ ಮಾತ್ರ ಸ್ಲೈಡಿಂಗ್. ಸ್ಲೈಡಿಂಗಲ್ಲಿ ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತೆ. ಮೇನ್ ರೋಡ್ ಪಕ್ಕದ ಮನೆಯಾದರೆ ಕೆಳಗಿನ ಹಳಿಗೆ ಧೂಳು ತುಂಬಿ ರೋಲರ್ ಕಿರುಗುಟ್ಟುತ್ತೆ, ವಾರಕ್ಕೊಮ್ಮೆ ವ್ಯಾಕ್ಯೂಮ್ ಹಿಡೀಬೇಕು.

ಒಳಗಿನ ವಿಂಗಡಣೆಗೆ ಇಂಟರ್‌ನೆಟ್ಟಿನ ಫೋಟೋ ತೋರಿಸಬೇಡಿ, ನಿಮ್ಮ ಬಟ್ಟೆ ಎಣಿಸಿ. ಶರ್ಟು, ಕುರ್ತಾ ತೂಗುಹಾಕೋಕೆ 40 ಇಂಚು ಎತ್ತರ ಸಾಕು, ಉದ್ದ ಗೌನಿಗೆ 60-65. ಮಡಚಿದ ಬಟ್ಟೆಗೆ ಶೆಲ್ಫ್ ಮಧ್ಯೆ 12-14 ಇಂಚು. ಸೀರೆಗಳ ವಿಷಯಕ್ಕೆ ಬಂದರೆ 22 ಇಂಚು ಆಳದ ಶೆಲ್ಫಲ್ಲಿ ಎರಡು ಸಾಲು ಕೂರುತ್ತೆ, ಹಿಂದಿನ ಸಾಲು ಮುಂದಿನ ಹಬ್ಬದವರೆಗೂ ಕಣ್ಣಿಗೆ ಬೀಳಲ್ಲ. ಅಲ್ಲಿ ಶೆಲ್ಫ್ ಬದಲು 20 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ ಇರೋ ಎಳೆಯೋ ತಟ್ಟೆ ಹಾಕಿಸಿ. ಮೈಸೂರು ಸಿಲ್ಕನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ.

ಇನ್ನು ಹಣ ಸೋರೋ ಜಾಗ: ಮಾಲು. ಕೊಟೇಶನ್ ಎಲ್ಲ ಮುಂಭಾಗದ ಚದರಡಿ ಮೇಲೆ ಇರುತ್ತೆ. ನೀವು ಹಾಳೆ ಲೆಕ್ಕದಲ್ಲಿ ನೋಡಿ. 6 ಅಡಿ ಅಗಲ, 7 ಅಡಿ ಎತ್ತರ, ಮೂರು ಬಾಗಿಲು, ಡ್ರಾಯರ್ ಇಲ್ಲದ ಒಂದು ವಾರ್ಡ್‌ರೋಬ್ ತಗೊಳ್ಳಿ. ಪ್ಲೈ ಹಾಳೆ 8 ಅಡಿಗೆ 4 ಅಡಿ. 22 ಇಂಚಿನ ನಾಲ್ಕು ನಿಲುವು ಹಲಗೆ, ಅಂದರೆ ಎರಡು ಪಕ್ಕದವು, ಎರಡು ಮಧ್ಯದವು, ಒಂದು ಹಾಳೆಗೆ ಎರಡರಂತೆ 2 ಹಾಳೆ. ಮೇಲೆ-ಕೆಳಗಿನ ಹಲಗೆಗೆ 1, ಅದರಲ್ಲೇ ಉಳಿಯೋ ತುಂಡು ಎರಡು ಶೆಲ್ಫಿಗೆ. ಇನ್ನೆಂಟು ಶೆಲ್ಫಿಗೆ 1. ಬಾಗಿಲಿಗೆ ಒಂದೂವರೆ. ಒಟ್ಟು ಐದೂವರೆ, ಅಂದರೆ 18 ಎಂಎಂ ಹಾಳೆ 6. ಬೆನ್ನಿಗೆ 6 ಎಂಎಂ ಹಾಳೆ 2. ಹೊರಗಿನ 1 ಎಂಎಂ ಲ್ಯಾಮಿನೇಟ್ 2, ಒಳಮೈಗೆ ಅಂಟಿಸೋ 0.8 ಎಂಎಂ ತೆಳು ಲ್ಯಾಮಿನೇಟ್, ಅಂದರೆ ಲೈನರ್, ಹತ್ತಿರ ಹತ್ತಿರ 10. ಬಿಲ್ಲಲ್ಲಿ 18 ಎಂಎಂ ಹಾಳೆ ಒಂಬತ್ತು ಹತ್ತು ಅಂತಿದ್ರೆ ಕಟಿಂಗ್ ಪ್ಲಾನ್ ತೋರಿಸಪ್ಪಾ ಅನ್ನಿ.

ಪ್ಲೈಯ ಭಾರತೀಯ ಮಾನಕಗಳಲ್ಲಿ (ಐಎಸ್) 303 ಸಾಮಾನ್ಯ ಬಳಕೆಯದು, ಅದರಲ್ಲೇ ಎಂಆರ್ (ತೇವ ತಡೆಯೋದು), ಬಿಡಬ್ಲ್ಯುಆರ್ (ಕುದಿನೀರು ತಡೆಯೋದು) ಅಂತ ಎರಡು ದರ್ಜೆ. ಐಎಸ್ 710 ಮೆರೀನ್, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋದು ಅದರ ಪರೀಕ್ಷೆ. ಒಣ ಗೋಡೆಯ ಬೆಡ್‌ರೂಮಿಗೆ ಬಿಡಬ್ಲ್ಯುಆರ್ ಸಾಕು. ಇಡೀ ಮನೆಗೆ 710 ಅಂತ ಹಟ ಬೇಡ. ಬಾತ್‌ರೂಮಿನ ಬೆನ್ನಿಗಾದರೆ ಮಾತ್ರ 710. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಲ್ಲಾಗಲಿ ನಿಮ್ಮ ಏರಿಯಾದಲ್ಲಾಗಲಿ, ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಲ್ಲಿ ಅದನ್ನ ಹಾಕಿದರೆ ಯಾವ ಕಂಪನಿ, ಯಾವ ಮಾಲಿಗೆ ಕೊಟ್ಟದ್ದು ಅಂತ ಬರುತ್ತೆ. ಕತ್ತರಿಸಿ ಉಳಿದ ಎರಡಿಂಚಿನ ತುಂಡನ್ನ ನಾಲ್ಕೈದು ಗಂಟೆ ಕುದಿಸಿ. ಎಂಆರ್ ಮಾಲನ್ನ ಮೆರೀನ್ ಅಂತ ಕೊಟ್ಟಿದ್ರೆ ಅಷ್ಟರಲ್ಲೇ ಪದರ ಬಾಯಿಬಿಡೋ ಸಂಭವ ಹೆಚ್ಚು. ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಒಂದು ಸಲ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯಲ್ಲ, ಹಿಂಜಿನ ಸ್ಕ್ರೂ ಒಂದು ಸಲ ಕಿತ್ತರೆ ಅದೇ ತೂತಲ್ಲಿ ಕೂರಲ್ಲ.

ಬಾಗಿಲು ಬಾಗೋದಕ್ಕೆ ಕಾರಣ ಹೆಚ್ಚಾಗಿ ಹೊರಗೆ ಲ್ಯಾಮಿನೇಟ್ ಅಂಟಿಸಿ, ಒಳಗೆ ಬರೀ ಪೇಂಟ್ ಹೊಡೆಯೋದು. ಎರಡೂ ಮೈಗೆ ಲ್ಯಾಮಿನೇಟ್ ಇರಲೇಬೇಕು. ಒಂದೇ ಬಾಗಿಲು 7 ಅಡಿ ದಾಟಬಾರದು, ಅದರ ಮೇಲೆ ಲಾಫ್ಟಿಗೆ ಬೇರೆ ಬಾಗಿಲು. ನೆಲದಿಂದ ತಾರಸಿವರೆಗೆ ಒಂದೇ ಬಾಗಿಲು ಫೋಟೋದಲ್ಲಿ ಚೆನ್ನ, ಅದು ಬಾಗದ ಹಾಗೆ ಹಿಡಿಯೋಕೆ ಒಳಗಡೆ ಲೋಹದ ಸ್ಟ್ರೈಟ್ನರ್ ಬೇಕು. 7 ಅಡಿ ಬಾಗಿಲಿಗೆ ಹಿಂಜ್ 4. ಮೂರು ಹಾಕಿ ಉಳಿಸಿದ ದುಡ್ಡು ಬಾಗಿಲು ಇಳಿದಾಗ ಗೊತ್ತಾಗುತ್ತೆ. ಹಿಂಜಿನ ತೋಳು ಎಷ್ಟು ಬಾಗಿದೆ ಅನ್ನೋದಕ್ಕೆ ಕ್ರ್ಯಾಂಕ್ ಅಂತಾರೆ. ತುದಿಯ ಹಲಗೆಗೆ 0 ಕ್ರ್ಯಾಂಕ್, ಎರಡು ಬಾಗಿಲು ಹಂಚಿಕೊಳ್ಳೋ ಮಧ್ಯದ ಹಲಗೆಗೆ 8 ಕ್ರ್ಯಾಂಕ್; ಇದನ್ನ ಅದಲುಬದಲು ಮಾಡಿದ್ರೆ ಬಾಗಿಲುಗಳು ಒಂದಕ್ಕೊಂದು ಉಜ್ಜುತ್ತವೆ.

ಕೆಳಗಿನ ಸ್ಕರ್ಟಿಂಗ್ ಬಗ್ಗೆ ಯಾರೂ ಕೇಳಲ್ಲ. ದಿನಾ ನೆಲ ಒರೆಸೋ ನೀರು ಮೊದಲು ತಿನ್ನೋದೇ ಆ 4 ಇಂಚಿನ ಪಟ್ಟಿಯನ್ನ. ಅಲ್ಲಿ ಪ್ಲೈ ಬೇಡ, ಗ್ರಾನೈಟ್ ತುಂಡೋ ಪಿವಿಸಿಯೋ ಹಾಕಿಸಿ, ಪೆಟ್ಟಿಗೆ ಪಿವಿಸಿ ಕಾಲುಗಳ ಮೇಲೆ ನಿಲ್ಲಲಿ. ಗೆದ್ದಲಿಗೂ ಅದೇ ಹೊತ್ತಲ್ಲಿ ವ್ಯವಸ್ಥೆ ಮಾಡಿ: ನೆಲ-ಗೋಡೆ ಸೇರೋ ಗೆರೆಯಲ್ಲಿ ಅಡಿಗೊಂದರಂತೆ 12 ಎಂಎಂ ತೂತು ಕೊರೆದು ಔಷಧಿ ತುಂಬಿ ಮುಚ್ಚಬೇಕು. ವಾರ್ಡ್‌ರೋಬ್ ಬಂದಮೇಲೆ ಆ ಗೆರೆ ಕೈಗೆ ಸಿಗಲ್ಲ.

ಒಡವೆಗೆ ಪ್ಲೈ ಲಾಕರ್ ನೆಚ್ಚಿಕೊಳ್ಳಬೇಡಿ, ಒಂದು ಸ್ಕ್ರೂಡ್ರೈವರ್ ಸಾಕು ಅದಕ್ಕೆ. ಮನೆಯಲ್ಲಿ ಹಳೇ ಕಬ್ಬಿಣದ ಬೀರು ಇದ್ದರೆ ಗುಜರಿಗೆ ಹಾಕೋ ಅವಸರ ಮಾಡಬೇಡಿ. ಬಾಡಿಗೆ ಮನೆಯವರಿಗಂತೂ ಅದೇ ಸರಿ: ಖಾಲಿ ಮಾಡುವಾಗ ಲಾರಿಗೆ ಏರುತ್ತೆ, ಓನರ್ ಜೊತೆ ಅಡ್ವಾನ್ಸ್ ಲೆಕ್ಕದಲ್ಲಿ ಜಗಳ ಇರಲ್ಲ.

ಕೆಲಸ ಮುಗಿದ ಮೇಲೆ ಎರಡು ಮೂರು ವಾರ ಬಾಗಿಲು, ಡ್ರಾಯರ್, ರೂಮಿನ ಕಿಟಕಿ ಎಲ್ಲ ತೆರೆದಿಡಿ. ಅಂಟು, ಬೋರ್ಡಿನಿಂದ ಬರೋ ಫಾರ್ಮಾಲ್ಡಿಹೈಡ್ ವಾಸನೆ ಕಣ್ಣು ಗಂಟಲು ಉರಿಸುತ್ತೆ. ಗೃಹಪ್ರವೇಶದ ಹಿಂದಿನ ದಿನ ಮುಗಿಸೋ ಹಾಗೆ ಕಾರ್ಪೆಂಟರ್‌ಗೆ ಗಡುವು ಕೊಡಬೇಡಿ. ಕೊನೆ ಕಂತು ಕೊಡೋ ಮುಂಚೆ ಪ್ರತಿ ಬಾಗಿಲನ್ನೂ ಅರ್ಧ ತೆರೆದು ಬಿಟ್ಟು ನೋಡಿ, ತಾನಾಗೇ ಹೊರಕ್ಕೆ ಹೋದರೆ ಪೆಟ್ಟಿಗೆ ಓಲಿದೆ. ಶೆಲ್ಫಿನ ಅಡಿಗೆ ಬೆರಳಾಡಿಸಿ, ಎಡ್ಜ್ ಬ್ಯಾಂಡ್ (ಅಂಚು ಮುಚ್ಚೋ ಪಟ್ಟಿ) ಇಲ್ಲದ ಅಂಚು ಸಿಗೋದು ಅಲ್ಲೇ. ತಳದ ಡ್ರಾಯರ್ ಎಳೆದು ಟಾರ್ಚ್ ಹಾಕಿ ಹಿಂದಿನ ಸಂದಿ ನಿಜವಾಗಿಯೂ ಬಿಟ್ಟಿದಾರಾ ನೋಡಿ.